ಟೇಬಲ್ ಇದೆ, ಫಂಕ್ಷನ್‌ಗೆ ಮಾತ್ರ ಕಾಣಲ್ಲ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ಲೆಕ್ಕದ ಸಾಫ್ಟ್‌ವೇರ್ ನಾನೇ ನೋಡಿಕೊಳ್ಳುತ್ತೇನೆ. ಹರಾಜು ಮುಗಿದ ಮೇಲೆ ರೈತರ ಬಿಲ್ ತೆಗೆಯುವ ಫಂಕ್ಷನ್ ನನ್ನ ಲ್ಯಾಪ್‌ಟಾಪ್‌ನಿಂದ ಓಡುತ್ತಿತ್ತು. ಮಂಡಿಯ ಕಂಪ್ಯೂಟರ್‌ನಿಂದ ಓಡಿಸಿದರೆ 'ಟೇಬಲ್ ಇಲ್ಲ' ಅನ್ನುತ್ತಿತ್ತು. ಡೇಟಾಬೇಸ್ ಮಾತ್ರ ಒಂದೇ! ದುಡ್ಡಿಗೆ ಕಾದು ನಿಂತ ರೈತರಿಗೆ ಇದನ್ನು ಹೇಗೆ ಹೇಳುವುದು?

ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್. ಅದರಲ್ಲಿ ಟೇಬಲ್‌ಗಳನ್ನು ಸ್ಕೀಮಾ ಎಂಬ ಗುಂಪುಗಳಲ್ಲಿ ಇಡುತ್ತಾರೆ. ಪ್ರತಿ ಕನೆಕ್ಷನ್‌ಗೂ ತನ್ನದೇ ಸರ್ಚ್ ಪಾತ್, ಅಂದರೆ ಯಾವ ಸ್ಕೀಮಾಗಳಲ್ಲಿ ಹುಡುಕಬೇಕು ಎಂಬ ಪಟ್ಟಿ, ಇರುತ್ತದೆ. ಸ್ಕೀಮಾ ಹೆಸರು ಹಾಕದೆ ಟೇಬಲ್ ಕರೆದರೆ ಆ ಪಟ್ಟಿಯಲ್ಲಿರುವ ಸ್ಕೀಮಾಗಳಲ್ಲಷ್ಟೇ ಹುಡುಕುತ್ತದೆ. ಸುಮ್ನೆ ಬಿಟ್ಟರೆ ಮೊದಲು ಯೂಸರ್ ಹೆಸರಿನ ಸ್ಕೀಮಾ, ಆಮೇಲೆ ಪಬ್ಲಿಕ್. ನಮ್ಮ ಟೇಬಲ್‌ಗಳಿದ್ದದ್ದು ಬೇರೆ ಸ್ಕೀಮಾದಲ್ಲಿ. ಅದು ನನ್ನ ಯೂಸರ್‌ನ ಪಾತ್‌ನಲ್ಲಿ ಮಾತ್ರ ಇತ್ತು. ಪಿಎಲ್‌ಪಿಜಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್ ಒಳಗೇ ಪ್ರೋಗ್ರಾಂ ಬರೆಯುವ ಭಾಷೆ) ಫಂಕ್ಷನ್ ಟೇಬಲ್ ಹುಡುಕುವುದು ಓಡುವಾಗ, ಬರೆದಿಡುವಾಗ ಅಲ್ಲ. ಅದಕ್ಕೇ ದೋಷ ಇಷ್ಟು ತಡವಾಗಿ ಸಿಗುತ್ತದೆ.

ಮೊದಲು ಎರಡೂ ಕನೆಕ್ಷನ್‌ನಲ್ಲಿ 'ಶೋ ಸರ್ಚ್_ಪಾತ್' ಹಾಕಿ ನೋಡಿ. ಆಮೇಲೆ 'ಆಲ್ಟರ್ ಫಂಕ್ಷನ್' ಬಳಸಿ ಫಂಕ್ಷನ್‌ಗೇ ಪಾತ್ ಸೆಟ್ ಮಾಡಿಬಿಡಿ. ನನಗಂತೂ ಟೇಬಲ್ ಹೆಸರಿಗಿಂತ ಮೊದಲು ಸ್ಕೀಮಾ ಹೆಸರು ಬರೆಯುವುದೇ ಜಾಸ್ತಿ ಇಷ್ಟ. ಓದುವವರಿಗೂ ತಿಳಿಯುತ್ತದೆ, ಅಲ್ವಾ?

ಕಾಣೆಯಾದದ್ದು ಟೆಂಪ್ (ತಾತ್ಕಾಲಿಕ) ಟೇಬಲ್ ಆಗಿದ್ದರೆ ಈ ಮದ್ದು ನಾಟುವುದಿಲ್ಲ. ಅದು ಹುಟ್ಟಿದ ಕನೆಕ್ಷನ್‌ಗಷ್ಟೇ ಕಾಣುತ್ತದೆ. ಮಾಮೂಲಿ ಟೇಬಲ್ ಮಾಡಿಕೊಳ್ಳಿ.