ಮಾತು ಯಾವಾಗ ಬರುತ್ತೆ?

ಗೊತ್ತಿಲ್ಲ. ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಮಗನಿಗೆ ಏಳು ವರ್ಷ, ಆಟಿಸಂ ಇದೆ. ಇಂಥ ಮಕ್ಕಳಲ್ಲಿ ಕೆಲವರಿಗೆ ತಡವಾಗಿ ಮಾತು ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಉತ್ತರ ಇಷ್ಟೇ.

ಆದರೆ ಕೇಳುವವರು ಅಲ್ಲಿಗೆ ಬಿಡುವುದಿಲ್ಲ. ‘ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ರಾ?’ ‘ಗಂಡುಮಕ್ಕಳಿಗೆ ಮಾತು ತಡಾನೇ ಬಿಡಿ.’ ‘ನೀವು ಕೆಲಸಕ್ಕೆ ಹೋಗ್ತಿದ್ರಲ್ಲ, ಮನೇಲಿ ಮಾತಾಡಿಸೋರು ಇರ್ಲಿಲ್ವೇನೋ.’ ಈ ಕೊನೆಯದಕ್ಕೆ ಮೈಯೆಲ್ಲ ಉರಿಯುತ್ತದೆ. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಎಂದು ಒಂದು ಕಾಲದಲ್ಲಿ ವೈದ್ಯರೇ ಹೇಳುತ್ತಿದ್ದರು. ಅದು ಸುಳ್ಳೆಂದು ತೀರ್ಮಾನವಾಗಿ ದಶಕಗಳೇ ಕಳೆದವು. ಮಗುವಿನ ಮಿದುಳು ಬೆಳೆಯುವ ರೀತಿಯೇ ಬೇರೆ, ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಲಸಿಕೆಯಿಂದಲೂ ಬರುವುದಿಲ್ಲ. 1998ರಲ್ಲಿ ಆ ಗುಲ್ಲೆಬ್ಬಿಸಿದ ಲೇಖನವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು.

ಒಂದು ಮದುವೆಯಲ್ಲಿ ಗಟ್ಟಿಮೇಳ ಶುರುವಾಗಿದ್ದೇ ತಡ, ಇವನು ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಯ ಕೆಳಗೆ ನುಗ್ಗಿದ. ಆಮೇಲೆ ನನ್ನ ಮಣಿಕಟ್ಟು ಹಿಡಿದು ಬಾಗಿಲ ಕಡೆಗೆ ಎಳೆದ. ಪಕ್ಕದಲ್ಲಿದ್ದ ಹಿರಿಯರು ‘ಪಾಪ, ಏನೂ ಹೇಳಕ್ಕೆ ಬರಲ್ಲ’ ಎಂದರು. ಹೇಳಿಯಾಗಿತ್ತಲ್ಲ! ಸದ್ದು ತಡೆಯೋಕಾಗ್ತಿಲ್ಲ, ಹೊರಗೆ ಹೋಗೋಣ ಅಂತ.

‘ಅವನು ಹೇಗೆ ಹೇಳ್ತಾನೆ?’ ಎಂದು ಯಾರಾದರೂ ಕೇಳಲಿ ಎಂದು ನನಗೆ ಆಸೆ. ನಮ್ಮ ಫ್ರಿಜ್ಜಿನ ಬಾಗಿಲಿಗೆ ವೆಲ್ಕ್ರೋ ಹಚ್ಚಿದ ಚಿತ್ರಗಳಿವೆ. ಮೊಸರನ್ನ ಬೇಕಾದರೆ ಬಟ್ಟಲಿನ ಚಿತ್ರ ಕಿತ್ತು ನನ್ನ ಅಂಗೈಗೆ ಒತ್ತುತ್ತಾನೆ. ಕೊಡುವುದು ತಡವಾದರೆ ಇನ್ನೊಮ್ಮೆ ಒತ್ತುತ್ತಾನೆ, ಜೋರಾಗಿ. ಚಿತ್ರದ ರೂಢಿಯಾದರೆ ಮಾತು ನಿಂತುಹೋಗುತ್ತೆ ಎಂದು ಹೆದರಿಸುವವರಿದ್ದಾರೆ. ಹಾಗಾಗುವುದಿಲ್ಲ. ಬೇಕಾದ್ದನ್ನು ಕೇಳುವ ದಾರಿ ಸಿಕ್ಕಮೇಲೆ ಇವನು ತಲೆ ಚಚ್ಚಿಕೊಳ್ಳುವುದು ಎಷ್ಟೋ ಕಡಿಮೆಯಾಗಿದೆ.

ನಿಮ್ಮ ಮಗು ಹೆಸರು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಇನ್ನೊಂದು ವರ್ಷ ನೋಡೋಣ ಎಂದು ಕೂರಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶಾಲೆಯವರು ‘ಇಂಥ ಮಕ್ಕಳನ್ನ ತಗೊಳಲ್ಲ’ ಅಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಮುಂದಿಡಿ. ಅದರಲ್ಲಿ ಹೆಸರಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಮ್ಮೂ ಒಂದು. ಸರ್ಕಾರದ ಮಾನ್ಯತೆ ಪಡೆದ ಶಾಲೆ ಹಾಗೆ ಬಾಗಿಲು ಹಾಕುವಂತಿಲ್ಲ.

ಇನ್ನು, ಸಹಾಯ ಮಾಡಬೇಕು ಅನ್ನುವ ನೆಂಟರಿಗೆ ಒಂದು ಕೆಲಸ ಇದೆ. ಇವನಿಗೊಬ್ಬ ತಂಗಿ ಇದ್ದಾಳೆ. ಥೆರಪಿ ದಿನಗಳಲ್ಲಿ ಕಾರಿಡಾರಿನ ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಾಳೆ. ಯಾರಾದರೂ ಬಂದು ಅವಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿ.