ಯಾರ ತಲೆಯ ಸುತ್ತ ಬಣ್ಣದ ಬಳೆ?

ಕಾಡಿನಲ್ಲಿ ವಿಚಿತ್ರವಾದದ್ದು ಏನಾದರೂ ಕಂಡರೆ ನಾನು ಮೊದಲು ಅದನ್ನು ನೋಡುತ್ತೇನೆ, ಆಮೇಲೆ ಜೊತೆಗಿರುವವರ ಮುಖ ನೋಡುತ್ತೇನೆ. ಒಂದೇ ಮರ, ಒಂದೇ ಬೆಳಕು. ಆದರೂ ಒಬ್ಬರು ಕೈ ಮುಗಿಯುತ್ತಾರೆ, ಒಬ್ಬರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಇನ್ನೊಬ್ಬರ ಕೈ ಸೀದಾ ಮೊಬೈಲಿಗೆ ಹೋಗುತ್ತದೆ. ಮಳೆಗಾಲ ಮುಗಿಯುತ್ತಾ ಬಂದಾಗ ಪಶ್ಚಿಮ ಘಟ್ಟದಲ್ಲಿ ಸುತ್ತಿದ ಈ ಪ್ರವಾಸದಲ್ಲಿ ನನ್ನ ಜೊತೆಗಿದ್ದದ್ದು ಅಕ್ಕ, ಭಾವ, ಎಂಟನೇ ಕ್ಲಾಸಿನಲ್ಲಿ ಓದುವ ಅವರ ಮಗಳು ಪುಟ್ಟಿ, ಮತ್ತೆ ನನ್ನ ಹಳೆಯ ಗೆಳೆಯನೊಬ್ಬ. ನಾಲ್ಕೂ ಜನ ನಾಲ್ಕು ಥರ.

ಮೊದಲು ಹೋಗಿದ್ದು ಕತ್ತಲೆಕಾನಿಗೆ. ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲಿ, ಜೋಗದಿಂದ ಹೊನ್ನಾವರದ ಕಡೆ ಇಳಿಯುವ ದಾರಿಯಲ್ಲಿ ಈ ಕಾಡಿದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಆ ಕಡೆಯವರೇ ಆದ ನಾಯ್ಕರನ್ನು ಕರೆದುಕೊಂಡು ಒಳಗೆ ಹೊರಟೆವು. ಹೊರಗೆ ಚೆನ್ನಾಗಿ ಬಿಸಿಲಿತ್ತು. ಒಳಗೆ ಇಪ್ಪತ್ತು ಹೆಜ್ಜೆ ಇಡುವಷ್ಟರಲ್ಲಿ ಸಂಜೆಯ ಮಬ್ಬು. ಕಾಲಿಗೆ ಇಂಬಳ ಹತ್ತುತ್ತಿದ್ದವು, ತೆಗೆದು ಬಿಸಾಡುತ್ತಾ ನಡೆದೆವು. ಸ್ವಲ್ಪ ಹೊತ್ತಿನಲ್ಲಿ ನೆಲ ಮೆತ್ತಗಾಯಿತು, ಆಮೇಲೆ ನೀರಾಯಿತು. ಮುಂದಿದ್ದ ಭಾವ ಗಕ್ಕನೆ ನಿಂತುಬಿಟ್ಟರು.

"ಮುಂದೆ ಬರಬೇಡಿ. ಹಾವು. ಒಂದಲ್ಲ, ರಾಶಿ!"

ಹಾವಲ್ಲ, ಬೇರು. ಆದರೆ ಭಾವನನ್ನು ನೋಡಿ ನಗುವ ಹಾಗಿರಲಿಲ್ಲ. ಕಂದು ಬಣ್ಣದ ದಪ್ಪ ಬೇರುಗಳು ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿನೊಳಗೆ ಹೋಗಿದ್ದವು. ಒಂದರ ಪಕ್ಕ ಒಂದು, ಕಣ್ಣು ಹಾಯಿಸಿದಷ್ಟೂ ಅವೇ. ನಡುವೆ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಇದು ರಾಮಪತ್ರೆ ಜಡ್ಡಿ. ಇಲ್ಲಿ ವರ್ಷಪೂರ್ತಿ ನೀರು ನಿಲ್ಲುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಅದಕ್ಕೇ ರಾಮಪತ್ರೆ ಜಾತಿಯ ಈ ಮರಗಳು ಬೇರನ್ನು ಮೊಣಕಾಲಿನ ಹಾಗೆ ಮಡಚಿ ನೀರಿನ ಮೇಲಕ್ಕೆ ಎತ್ತುತ್ತವೆ. ಆ ಬೇರಿನ ತೊಗಟೆಯಲ್ಲಿರುವ ಸಣ್ಣ ರಂಧ್ರಗಳಿಂದ ಉಸಿರಾಡುತ್ತವೆ. ಕೆಲವು ಮರಗಳಿಗೆ ಕಾಂಡದ ಬುಡದಿಂದಲೇ ಊರುಗೋಲಿನಂಥ ಬೇರುಗಳು ಸುತ್ತಲೂ ಇಳಿದಿರುತ್ತವೆ, ಅವುಗಳ ನಡುವೆ ಒಬ್ಬ ಆಳು ನುಸುಳಬಹುದು.

ಗೆಳೆಯ ವಿಡಿಯೋ ಮಾಡಲು ಶುರು ಮಾಡಿದ. ಅಕ್ಕ ಮಾತಾಡಲೇ ಇಲ್ಲ. ಪುಟ್ಟಿ ಕೂತು, ಒಂದು ಬೇರಿನ ಮೇಲೆ ಅಂಗೈ ಇಟ್ಟು ಹಾಗೇ ಹಿಡಿದುಕೊಂಡಳು. "ಉಸಿರು ಗೊತ್ತಾಗುತ್ತಾ ಅಂತ ನೋಡ್ತಿದೀನಿ ಮಾಮ" ಎಂದಳು. ಗೊತ್ತಾಗುವುದಿಲ್ಲ, ನಿಜ. ಆದರೆ ಆ ಜಾಗದಲ್ಲಿ ಅದಕ್ಕಿಂತ ಸರಿಯಾದ ಕೆಲಸ ಇನ್ನೊಂದಿರಲಿಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ನಾಯ್ಕರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ, ಹೇಗಿರುತ್ತೆ? ಅವರು ಹುಟ್ಟಿದಾಗಿನಿಂದ ನೋಡಿದ ಬೇರು. ಅವರು ತೋರಿಸಿದ್ದು ಬೇರೆ. ದೂರದಲ್ಲಿ ಮರಗಳ ಸಂದಿಯಿಂದ ಒಂದು ಅಡಿಕೆ ತೋಟದ ಅಂಚು ಕಾಣುತ್ತಿತ್ತು. "ಅದೂ ಹಿಂದೆ ಹೀಗೇ ಜಡ್ಡಿ ಆಗಿತ್ತಂತೆ ಮಾರಾಯ್ರೆ" ಎಂದರು. ಘಟ್ಟದ ಎಷ್ಟೋ ಜಡ್ಡಿಗಳು ಗದ್ದೆಯಾಗಿವೆ, ತೋಟವಾಗಿವೆ. ವರ್ಷಪೂರ್ತಿ ನೀರಿರುವ ತಗ್ಗಾದ ಜಾಗ ಅಂದರೆ ಬೇಸಾಯಕ್ಕೂ ಅದೇ ಬೇಕು. ಉಳಿದಿರುವುದು ಅಲ್ಲೊಂದು ಇಲ್ಲೊಂದು ತುಂಡು. ಸಿಂಗಳೀಕಗಳ ಪುಣ್ಯ, ಅವುಗಳಿಗಾಗಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಪ್ರದೇಶ ಮಾಡಿದ್ದರಿಂದ ಇಲ್ಲಿನ ಕಾಡಿಗೂ ಒಂದು ರಕ್ಷಣೆ ಸಿಕ್ಕಿದೆ.

ಜಡ್ಡಿ ದಾಟಿ ಹಳ್ಳದ ಪಕ್ಕ ನಡೆಯುವಾಗ ಕುಣಿಯುವ ಕಪ್ಪೆ ಸಿಕ್ಕಿತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಒದ್ದೆ ಬಂಡೆಯ ಮೇಲೆ ಕೂತಿತ್ತು, ಕಂದು ಬಂಡೆಗೂ ಅದಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ಹಿಂಗಾಲನ್ನು ಪೂರ್ತಿ ನೀಡಿ, ಬೆರಳುಗಳ ನಡುವಿನ ಪೊರೆ ಅಗಲಿಸಿ, ಒಂದು ಸುತ್ತು ತಿರುಗಿಸಿ ಒಳಗೆ ಎಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಲು. ಹರಿಯುವ ನೀರಿನ ಗದ್ದಲದಲ್ಲಿ ವಟರ್ ಎಂದು ಕೂಗಿದರೆ ಯಾರಿಗೆ ಕೇಳಬೇಕು? ಅದಕ್ಕೇ ಗಂಡು ಕಪ್ಪೆ ಕಾಲು ಬೀಸಿ ಸುದ್ದಿ ಮುಟ್ಟಿಸುತ್ತದೆ. ಈ ಕುಲದ ಕಪ್ಪೆಗಳು ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2014ರಲ್ಲಿ ಕಪ್ಪೆಗಳ ವಿಜ್ಞಾನಿ ಎಸ್.ಡಿ. ಬಿಜು ಮತ್ತು ಅವರ ತಂಡ ಒಂದೇ ಏಟಿಗೆ 14 ಹೊಸ ಪ್ರಭೇದಗಳನ್ನು ಹೆಸರಿಸಿತು. ಬೇರು ನೋಡಿ ಹೆದರಿದ ಭಾವ ಇಲ್ಲಿ ಬಂಡೆಯ ಮೇಲೆ ಹೊಟ್ಟೆ ಊರಿ ಮಲಗಿಬಿಟ್ಟರು. ಎಷ್ಟು ಕರೆದರೂ ಏಳಲಿಲ್ಲ. ಹೆದರುವವರಿಗೆ ಕುತೂಹಲ ಕಮ್ಮಿ ಅನ್ನುವುದು ಸುಳ್ಳು.

ರಾತ್ರಿ ಉಳಿದುಕೊಂಡದ್ದು ಕಾಡಂಚಿನ ಒಂದು ಮನೆಯಲ್ಲಿ. ಊಟ ಆದ ಮೇಲೆ ನಾಯ್ಕರು ಬಂದು, "ಬೆಳಕು ನೋಡೋಕೆ ಬರ್ತೀರಾ?" ಎಂದು ಕೇಳಿದರು. ಅವರ ಹಿಂದೆ ಟಾರ್ಚ್ ಹಿಡಿದು ಹೊರಟೆವು. ಒಂದು ಕಡೆ ನಿಲ್ಲಿಸಿ ಎಲ್ಲ ಟಾರ್ಚ್ ಆರಿಸಿ ಎಂದರು. ಮೊಬೈಲ್ ಪರದೆ ಕೂಡ.

ಮೊದಲು ಏನೂ ಇಲ್ಲ. ಸುಮ್ನೆ ಕತ್ತಲೆ. ಗೆಳೆಯನಿಗೆ ತಾಳ್ಮೆ ಕಮ್ಮಿ, "ಎಲ್ಲಿ, ಎಲ್ಲಿ" ಅನ್ನುತ್ತಲೇ ಇದ್ದ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ನಡುವೆ ಯಾರಾದರೂ ಒಂದು ಸಲ ಮೊಬೈಲ್ ತೆಗೆದರೆ ಮತ್ತೆ ಮೊದಲಿನಿಂದ ಶುರು. ನಿಧಾನವಾಗಿ ಕಾಲಬುಡದಲ್ಲಿ ಒಂದು ಗೆರೆ ಮೂಡಿತು. ಬಿದ್ದ ಕೊಂಬೆಯೊಂದು ಅದರ ಉದ್ದಕ್ಕೂ ಹೊಳೆಯುತ್ತಿತ್ತು. ಆಮೇಲೆ ಅದರ ಪಕ್ಕದ್ದು. ಕೊಳೆತ ಎಲೆಗಳ ನಡುವೆ ಚುಕ್ಕಿಗಳು. ನೋಡುತ್ತಾ ಹೋದ ಹಾಗೆ ನೆಲ ಎಲ್ಲಿದೆ ಅಂತ ಕಾಣತೊಡಗಿತು, ಆ ಬೆಳಕಿನಿಂದಲೇ.

ಇದು ಮರವನ್ನು ಕೊಳೆಸುವ ಅಣಬೆಗಳ ಕೆಲಸ. ಕೊಂಬೆಯೊಳಗೆ ಹರಡಿರುವ ಅಣಬೆಯ ಎಳೆಗಳಲ್ಲಿ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದ ಜೊತೆ ಸೇರಿದಾಗ ಬಿಸಿಯಿಲ್ಲದ ಬೆಳಕು ಹೊರಡುತ್ತದೆ. ಗಾಳಿ ತೆಗೆದರೆ ಬೆಳಕು ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ವಿಜ್ಞಾನಿ ರಾಬರ್ಟ್ ಬಾಯ್ಲ್ ಇದನ್ನು 17ನೇ ಶತಮಾನದಲ್ಲೇ ಹೊಳೆಯುವ ಕಟ್ಟಿಗೆಯನ್ನು ಗಾಳಿ ಹೀರುವ ಪಂಪಿನೊಳಗಿಟ್ಟು ತೋರಿಸಿದ್ದ. ಹೊಳೆದು ಅಣಬೆಗೆ ಏನು ಲಾಭ? ಬ್ರೆಜಿಲ್‌ನ ಒಂದು ಅಣಬೆಯ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆ ಬೆಳಕಿಗೆ ಹುಳಗಳು ಬರುತ್ತವೆ, ಅವು ಬೀಜಕಣಗಳನ್ನು ಹರಡಲು ನೆರವಾಗಬಹುದು ಎಂದು ಅದರಲ್ಲಿ ಕಂಡುಬಂತು.

ಅಕ್ಕ ನನ್ನ ತೋಳು ಹಿಡಿದುಕೊಂಡಳು. "ಅಜ್ಜಿ ಹೇಳ್ತಿದ್ದ ಕೊಳ್ಳಿದೆವ್ವ ಇದೇ ಇರ್ಬೇಕು ಕಣೋ" ಎಂದಳು ಮೆಲ್ಲಗೆ. ಕೊಳ್ಳಿದೆವ್ವದ ಕಥೆಗಳಲ್ಲಿ ಬೆಂಕಿ ಓಡಾಡುತ್ತದೆ. ಇದು ಅಲುಗಾಡುವುದಿಲ್ಲ. ಆದರೂ ಟಾರ್ಚ್ ಇಲ್ಲದ ಕಾಲದಲ್ಲಿ, ಒಬ್ಬಂಟಿಯಾಗಿ, ಮಳೆಯಲ್ಲಿ ಮನೆಗೆ ಹೋಗುತ್ತಿದ್ದವರಿಗೆ ಈ ನೆಲ ಹೇಗೆ ಕಂಡಿರಬೇಡ? ದೆವ್ವ ಅಂದವರನ್ನು ಮೂಢರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕಂಡದ್ದನ್ನು ಕಂಡಿದೆ ಅಂತ ಒಪ್ಪಿಕೊಂಡು, ಅದಕ್ಕೊಂದು ಹೆಸರಿಟ್ಟು, ಮಕ್ಕಳಿಗೆ ದಾಟಿಸಿದವರು ಅವರು.

ಗೆಳೆಯ ಫೋಟೊ ತೆಗೆದ. ಸ್ಟ್ಯಾಂಡಿಗೆ ಕ್ಯಾಮೆರಾ ಹಾಕಿ, ಅರ್ಧ ನಿಮಿಷ ಬೆಳಕು ಒಳಗೆ ಬಿಟ್ಟುಕೊಂಡು ತೆಗೆದ ಫೋಟೊದಲ್ಲಿ ಕೊಂಬೆ ಗಾಢ ಹಸಿರಾಗಿ ಉರಿಯುತ್ತಿತ್ತು. ಪುಟ್ಟಿ ಫೋಟೊ ನೋಡಿ, ಕೊಂಬೆ ನೋಡಿ, "ಇದು ಹೀಗಿಲ್ಲವಲ್ಲ" ಎಂದಳು. ಅವಳು ಹೇಳಿದ್ದು ಸರಿ. ಅಷ್ಟು ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ನಮಗೆ ಕಂಡಿದ್ದು ಬೂದು ಬಿಳುಪು, ಹಸಿರಿನ ಒಂದು ಛಾಯೆ ಇದ್ದರೂ ಇರಬಹುದು ಅನ್ನುವಷ್ಟು. ಇಂಥ ಫೋಟೊಗಳನ್ನು ನೋಡಿ ಬಂದವರು ಕಾಡಿನಲ್ಲಿ ನಿಂತು "ಇಷ್ಟೇನಾ?" ಅನ್ನುವುದನ್ನು ನಾನು ಕೇಳಿದ್ದೇನೆ. ಬಹಳ ನೋವಾಗುತ್ತದೆ. ಇಪ್ಪತ್ತು ನಿಮಿಷ ಕಾದು ಮಂಕಾದ ಆ ಬೆಳಕನ್ನು ಕಣ್ಣಾರೆ ಕಂಡರೆ ಅದರ ಮುಂದೆ ಹಸಿರು ಫೋಟೊ ಏನೂ ಅಲ್ಲ.

ಒಂದು ತುಂಡು ರೂಮಿಗೆ ಒಯ್ಯೋಣವೇ ಎಂದು ಗೆಳೆಯ ಕೇಳಿದ. ನಾಯ್ಕರು ಬೇಡ ಅಂದರು. ಕಾಡಿನದು ಕಾಡಿನಲ್ಲೇ ಇರಬೇಕು ಅನ್ನುವುದು ಒಂದು. ಒಣಗಿದರೆ ಆ ಬೆಳಕೂ ಹೋಗುತ್ತದೆ, ಒಯ್ದು ಮಾಡುವುದೇನು?

ಅಲ್ಲಿಂದ ಕುದುರೆಮುಖಕ್ಕೆ. ದಾರಿಯ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ, ಮಳೆ ಮತ್ತು ತಿರುವು. 1987ರಿಂದ ಇದು ರಾಷ್ಟ್ರೀಯ ಉದ್ಯಾನ, ಹತ್ತಲು ಮೊದಲೇ ಅನುಮತಿ ಬೇಕು, ಜೊತೆಗೆ ಗೈಡ್ ಇರಲೇಬೇಕು. ನಮ್ಮ ಗೈಡ್ ಗೌಡ್ರು ಮಿತಭಾಷಿ. ಬೆಳಿಗ್ಗೆ ಬೇಗ ಹೊರಟು, ಹುಲ್ಲುಗುಡ್ಡಗಳ ನಡುವಿನ ತಗ್ಗಿನಲ್ಲಿ ಬೆಳೆಯುವ ಶೋಲಾ ಕಾಡಿನ ತುಂಡುಗಳನ್ನು ದಾಟಿ, ಹುಲ್ಲಿನ ಏಣಿನ ಮೇಲೆ ಬಂದೆವು. ತುದಿ ಇನ್ನೂ ದೂರವಿತ್ತು. ಬೆನ್ನ ಹಿಂದೆ ಮೋಡ ಸರಿದು ಬಿಸಿಲು ಬಿತ್ತು. ಎದುರಿಗೆ, ಕಾಲ ಕೆಳಗಿನ ಕಣಿವೆ ತುಂಬ ಬಿಳಿ ಮಂಜು.

"ಅಲ್ಲಿ ಯಾರೋ ಇದಾರೆ" ಎಂದರು ಭಾವ.

ಮಂಜಿನೊಳಗೆ ಭಾರೀ ಆಕೃತಿಗಳು ನಿಂತಿದ್ದವು. ಕಾಲು ಉದ್ದಕ್ಕೆ ಚಾಚಿ ನಮ್ಮ ಕಡೆಗೇ ಬಂದಿತ್ತು. ಭಾವ ಕೈ ಎತ್ತಿದರು, ಅದೂ ಎತ್ತಿತು. ನಮ್ಮದೇ ನೆರಳು. ಮಂಜು ಹತ್ತಿರದಲ್ಲೇ ಇದ್ದರೂ ದೂರದಲ್ಲಿದೆ ಅಂತ ಕಣ್ಣು ತಿಳಿಯುತ್ತದೆ, ಅದಕ್ಕೇ ನೆರಳು ಅಷ್ಟು ದೊಡ್ಡದಾಗಿ ಕಾಣುವುದು. ಜರ್ಮನಿಯ ಬ್ರಾಕೆನ್ ಬೆಟ್ಟದಲ್ಲಿ ಇದನ್ನು ಕಂಡು 1780ರಲ್ಲಿ ಝಿಲ್ಬರ್‌ಶ್ಲಾಗ್ ಎಂಬ ಪಾದ್ರಿ ಬರೆದಿಟ್ಟ. ಅಂದಿನಿಂದ ಇದಕ್ಕೆ ಬ್ರಾಕೆನ್ ಭೂತ ಅಂತಲೇ ಹೆಸರು.

ಆದರೆ ನಮ್ಮನ್ನು ದಂಗು ಬಡಿಸಿದ್ದು ನೆರಳಲ್ಲ. ತಲೆಯ ಸುತ್ತ ಬಣ್ಣದ ಬಳೆ. ಒಳಗೆ ನೀಲಿ, ಹೊರಗೆ ಕೆಂಪು, ಅದರಾಚೆ ಮಂಕಾಗಿ ಇನ್ನೊಂದು ಸುತ್ತು.

"ನನ್ನ ತಲೆ ಸುತ್ತ ಇದೆ ನೋಡೋ" ಎಂದಳು ಅಕ್ಕ.

"ನಿನ್ನ ತಲೆಗೆಲ್ಲಿದೆ? ಇರೋದು ನನ್ನ ತಲೆಗೆ" ಎಂದರು ಭಾವ.

ನನಗೆ ಕಂಡಿದ್ದು ನನ್ನ ನೆರಳಿನ ತಲೆಗೆ ಮಾತ್ರ. ಅವರಿಬ್ಬರ ನೆರಳು ಪಕ್ಕದಲ್ಲಿ ಬರೀ ಕಪ್ಪಾಗಿತ್ತು. ಒಂದು ಕ್ಷಣ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಸುಳ್ಳು ಹೇಳುವವರು ಯಾರೂ ಅಲ್ಲಿರಲಿಲ್ಲ. 1730ರ ದಶಕದಲ್ಲಿ ಭೂಮಿಯ ಆಕಾರ ಅಳೆಯಲು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಕ್ಕೆ ಹೋಗಿದ್ದ ತಂಡಕ್ಕೂ ಹೀಗೇ ಆಗಿತ್ತು. ಜೊತೆಗಿದ್ದ ಆರೇಳು ಜನರಲ್ಲಿ ಪ್ರತಿಯೊಬ್ಬರಿಗೂ ಬಳೆ ಕಂಡಿದ್ದು ತಮ್ಮ ತಲೆಯ ಸುತ್ತ ಮಾತ್ರ ಎಂದು ಅವರು ಆಗಲೇ ಗುರುತಿಸಿದ್ದರು. ಮಂಜಿನ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. ಹಾಗೆ ಬಂದ ಬೆಳಕು ನಿಮ್ಮ ಕಣ್ಣಿಗೆ ಸಿಗುವುದು ನಿಮ್ಮ ತಲೆಯ ನೆರಳಿನ ಸುತ್ತಲಿಂದ. ಪಕ್ಕದವರ ಬಳೆ ಪಕ್ಕದವರ ಕಣ್ಣಿಗೇ.

ಪುಟ್ಟಿ ಇದನ್ನು ಕೇಳಿಸಿಕೊಂಡು ಸುಮ್ಮನಿರಲಿಲ್ಲ. ಮೊಬೈಲನ್ನು ಕೈ ಚಾಚಿ ಮೇಲಕ್ಕೆ ಹಿಡಿದು ಫೋಟೊ ತೆಗೆದಳು. ಅದರಲ್ಲಿ ಬಳೆ ಇದ್ದದ್ದು ಅವಳ ತಲೆಗಲ್ಲ, ಮೊಬೈಲ್ ಹಿಡಿದ ಕೈಗೆ! ಕಣ್ಣಿಗೆ ಕಂಡರೆ ತಲೆಗೆ, ಕ್ಯಾಮೆರಾಗೆ ಕಂಡರೆ ಕ್ಯಾಮೆರಾಗೆ. ಯಾರೂ ಹೇಳಿಕೊಡದೆ ಕಂಡುಕೊಂಡಳು. ನನಗೆ ಅಷ್ಟು ಖುಷಿ ಬೇರೆ ಯಾವುದರಿಂದಲೂ ಆಗಲಿಲ್ಲ.

ಆಗ ಗೌಡ್ರು ಬಾಯಿ ಬಿಟ್ಟರು. "ಅದಕ್ಕೇ ಹಂಗಾದ್ರೆ" ಎಂದರು. "ನಾನು ಇದನ್ನ ಸುಮಾರು ಸಲ ನೋಡಿದೀನಿ. ನನ್ನ ತಲೆಗೇ ಇರುತ್ತೆ. ಆದ್ರೆ ಬಂದವರು ತೆಗೆದ ಫೋಟೊದಲ್ಲಿ ಒಂದು ಸಲಾನೂ ನನಗೆ ಬಂದಿಲ್ಲ. ಅವರಿಗೇ ಬಂದಿರುತ್ತೆ. ನಾನು ಕಂಡಿದ್ದೇ ತಪ್ಪೇನೋ ಅಂದ್ಕೊಂಡಿದ್ದೆ."

ಪುಟ್ಟಿ ತನ್ನ ಮೊಬೈಲನ್ನು ಅವರ ಕೈಗೆ ಕೊಟ್ಟಳು. ಮುಖದ ಹತ್ತಿರ ಹಿಡೀರಿ ಗೌಡ್ರೆ, ಕೈ ಎತ್ತಬೇಡಿ ಎಂದು ಹೇಳಿಕೊಟ್ಟಳು. ಮಂಜು ಆಗಲೇ ಹರಿಯಲು ಶುರುವಾಗಿತ್ತು, ಬಳೆಯ ಒಂದು ಪಕ್ಕ ಕರಗುತ್ತಿತ್ತು. ಗೌಡ್ರು ಒಂದರ ಹಿಂದೊಂದು ನಾಲ್ಕೈದು ಒತ್ತಿದರು. ಎರಡು ಅಲುಗಾಡಿತ್ತು. ಒಂದರಲ್ಲಿ ಸರಿಯಾಗಿ ಬಂದಿತ್ತು. ಟೋಪಿ ಹಾಕಿದ ನೆರಳು, ಅದರ ಸುತ್ತ ಬಣ್ಣ, ಪಕ್ಕದಲ್ಲಿ ನಾವೆಲ್ಲ ಬರೀ ಕಪ್ಪು. ಅವರು ಅದನ್ನು ದೊಡ್ಡದು ಮಾಡಿ ನೋಡಿದರು, ಮತ್ತೆ ನೋಡಿದರು. ಆಮೇಲೆ ತಮ್ಮ ನಂಬರ್ ಹೇಳಿ, ಕೆಳಗೆ ನೆಟ್‌ವರ್ಕ್ ಸಿಕ್ಕ ತಕ್ಷಣ ಮರೀದೆ ಕಳಿಸಬೇಕು, ಮನೆಯಲ್ಲಿ ಯಾರೂ ನಂಬಿಲ್ಲ ಎಂದರು.