ಯಾವಾಗ, ಎಲ್ಲಿ ಅಂತ ಬರೆದಿಟ್ಟರೆ

ನಾಳೆಯ ಕೆಲಸ ಇವತ್ತು ರಾತ್ರಿನೇ ಬರೆದಿಡುವುದು ನನಗೆ ತುಂಬಾ ಇಷ್ಟ. ಆ್ಯಪ್ ಏನೂ ಬೇಡ, ಸಣ್ಣ ನೋಟ್‌ಬುಕ್ ಸಾಕು.

ಆದರೆ ಬರೆಯುವ ರೀತಿ ಮುಖ್ಯ. ಸುಮ್ನೆ ‘ಕರೆಂಟ್ ಬಿಲ್’ ಅಂತ ಬರೆದರೆ ಅದು ವಾರಗಟ್ಟಲೆ ಅಲ್ಲೇ ಕೂತಿರುತ್ತದೆ. ‘ಧಾರವಾಡದಲ್ಲಿ ಚಿಗರಿ ಬಸ್ ಹತ್ತಿ ಕೂತ ಕೂಡಲೇ ಫೋನ್‌ನಲ್ಲಿ ಬಿಲ್ ಕಟ್ಟುವುದು’ ಅಂತ ಬರೆದರೆ ನವನಗರ ಬರುವಷ್ಟರಲ್ಲಿ ಮುಗಿದಿರುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರ ತಮ್ಮ ಪ್ರಬಂಧದಲ್ಲಿ ಇದನ್ನೇ ಹೇಳಿದ್ದಾರೆ. ಯಾವಾಗ, ಎಲ್ಲಿ, ಹೇಗೆ ಅಂತ ಮೊದಲೇ ಗೊತ್ತು ಮಾಡಿಕೊಂಡವರು ಅಂದುಕೊಂಡ ಕೆಲಸವನ್ನು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ಆ ಗಳಿಗೆ ಬಂದಾಗ ‘ಈಗ ಮಾಡಲಾ, ಆಮೇಲೆ ಮಾಡಲಾ’ ಅನ್ನುವ ಯೋಚನೆಯೇ ಉಳಿಯುವುದಿಲ್ಲ, ಅಲ್ವಾ?

ಇನ್ನೊಂದು ಲಾಭ ನಿದ್ದೆಯದ್ದು. ಬಾಕಿ ಕೆಲಸಗಳು ತಲೆಯಲ್ಲಿ ಸುತ್ತುತ್ತಿದ್ದರೆ ಕಣ್ಣು ಹತ್ತುವುದಿಲ್ಲ. ಕಾಗದಕ್ಕೆ ಇಳಿಸಿದರೆ ಕೆಲಸ ಮುಗಿಯದಿದ್ದರೂ ತಲೆ ಹಗುರ.

ನಮ್ಮ ಹುಬ್ಬಳ್ಳಿಯ ಅಂಗಡಿಯವರು ಇದನ್ನು ಯಾವತ್ತಿನಿಂದಲೋ ಮಾಡುತ್ತಾ ಬಂದಿದ್ದಾರೆ. ದುರ್ಗದ ಬೈಲಿನಲ್ಲಿ ಅಂಗಡಿ ಇಟ್ಟಿರುವ ನಮ್ಮ ಕಾಕಾ ಬಾಗಿಲು ಹಾಕುವ ಮೊದಲೇ ಮರುದಿನ ಯಾರಿಗೆ ಮಾಲು ಕಳಿಸಬೇಕು, ಯಾರಿಂದ ಬಾಕಿ ಬರಬೇಕು ಎಲ್ಲಾ ಬರೆದಿಡುತ್ತಾರೆ. ಅವರ ಮೇಲೆ ನನಗೆ ಬಹಳ ಗೌರವ.

ದಿನಕ್ಕೆ ಮೂರು ದೊಡ್ಡ ಕೆಲಸಕ್ಕಿಂತ ಜಾಸ್ತಿ ನಾನು ಬರೆಯುವುದಿಲ್ಲ. ನಾಳೆಯ ಮೊದಲ ಸಾಲು ಅವ್ವನ ಕಣ್ಣಿನ ತಪಾಸಣೆ, ಬೆಳಿಗ್ಗೆ ಹತ್ತಕ್ಕೆ. ಆಫೀಸಿನದ್ದು ಅದರ ಕೆಳಗೆ.